ಉಪಯೋಗ ತಪ್ಪಿದ ಉಪಕರಣಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ಶುಭ ಸಮಾರಂಭದಲ್ಲಿ ನಾವು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ವಾಡಿಕೆಯಂತೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವೆವೆಂದು ಅವರು ಭಾವಿಸಿದ್ದಿರಬೇಕು. ವಿದ್ವಾನ್ ಪದವಿಯ ಹೊರೆಯನ್ನು ಹೊತ್ತ ಉಪಾಧ್ಯಾಯನಿಂದ ಸಭೆ ಬಯಸುವುದೂ ಅದನ್ನೇ. ಇಂದು ಆ ಹೊರೆಯನ್ನು ಸ್ವಲ್ಪ ಹೊತ್ತು ಕೆಳಗಿಳಿಸಿ, ತಾವು ಒಳಗೆ ಬರುವಾಗ ಬಾಗಿಲ ಪಕ್ಕದ ಮೇಜಿನ ಮೇಲೆ ಹಸುರು ಬಟ್ಟೆ ಹೊದ್ದು ಕುಳಿತಿದ್ದ ಯಂತ್ರವೊಂದರ ವಿಚಾರವನ್ನು ನಿವೇದಿಸಲು ಅನುಮತಿ ಬೇಡುತ್ತೇವೆ. ಅದನ್ನು ಹೊಲಿಗೆಯ ಯಂತ್ರವೆಂದು ಕೆಲವರು ತಿಳಿದರೆಂದು ಕೇಳಿದೆವು. ಅದು ಹೊಲಿಗೆಯ ಯಂತ್ರವಲ್ಲ.

ಹೊಸೂರಿನ ಹಳೆಯ ಪೇಟೆಯಲ್ಲಿ ಗಡಿಯಾರ ದುರಸ್ತಿಯ ಅಂಗಡಿಯಿಟ್ಟುಕೊಂಡಿದ್ದ ಹಿರಿಯರೊಬ್ಬರು ಕಳೆದ ವರ್ಷ ಶ್ರಾವಣದಲ್ಲಿ ತೀರಿಕೊಂಡರು. ಮನೆಯವರ ಇಚ್ಛೆಯಂತೆ ಅವರ ಹೆಸರನ್ನು ಇಲ್ಲಿ ಎತ್ತುವುದಿಲ್ಲ. ತಮ್ಮಲ್ಲಿ ಬಹುಮಂದಿಗೆ ಹೇಳದೆಯೂ ತಿಳಿಯುತ್ತದೆ. ಈ ಭವನದ ಗೋಡೆಯ ಗಡಿಯಾರಕ್ಕೆ ಕೂಲಿ ತೆಗೆದುಕೊಳ್ಳದೆ ಎಣ್ಣೆ ಬಿಡುತ್ತಿದ್ದವರು ಅವರೇ. ಅವರ ಅಜ್ಜ ಬೆಂಗಳೂರಿನ ದಂಡಿನಲ್ಲಿ ಇಂಗ್ಲಿಷರ ಗಡಿಯಾರದಂಗಡಿಯೊಂದರಲ್ಲಿ ಕೆಲಸಕ್ಕಿದ್ದವರು. ಆ ಅಂಗಡಿ ಮುಚ್ಚಿದಾಗ ಸಲ್ಲಬೇಕಾಗಿದ್ದ ಸಂಬಳಕ್ಕೆ ಬದಲಾಗಿ ಒಂದು ದೊಡ್ಡ ಪೆಟ್ಟಿಗೆಯ ತುಂಬ ಉಪಕರಣಗಳು ಅಜ್ಜನ ಪಾಲಿಗೆ ಬಂದುವಂತೆ. ಆ ಪೆಟ್ಟಿಗೆ ಮೂರು ತಲೆಮಾರು ಅಂಗಡಿಯ ಮೂಲೆಯಲ್ಲಿದ್ದಿತು.

ಅಂಗಡಿಯನ್ನು ತೆರವು ಮಾಡಿ ಮಾಲೀಕರಿಗೆ ಒಪ್ಪಿಸಬೇಕಾದ ತಿಂಗಳು ಬಂದಾಗ ಗುಜರಿಯವನು ತಕ್ಕಡಿಯೊಡನೆ ಬಂದನು. ಹಿತ್ತಾಳೆ 9 ಕಿಲೋ, ಕಬ್ಬಿಣ 29 ಕಿಲೋ, ಒಟ್ಟು 4,400 ರೂಪಾಯಿ ಎಂದನು. ಅವನ ಲೆಕ್ಕದಲ್ಲಿ ಮೋಸವೇನೂ ಇರಲಿಲ್ಲ. ಆದರೆ ಹಿತ್ತಾಳೆಗೂ ಕಬ್ಬಿಣಕ್ಕೂ ಬೇರೆ ಬೇರೆ ದರವಾದುದರಿಂದ ಅವೆರಡನ್ನೂ ಬಿಡಿಸಿ ತೂಗಬೇಕು; ಬಿಡಿಸುವುದೆಂದರೆ ಸುತ್ತಿಗೆಯಿಂದ ಒಡೆಯುವುದು. ಮೊದಲ ಪೆಟ್ಟು ಬೀಳುವ ಮುನ್ನ ಆ ಮನೆಯ ತಾಯಿ, ‘ಒಂದು ವಾರ ತಾಳಪ್ಪ’ ಎಂದು ಹೇಳಿ ನಮ್ಮ ಶಾಲೆಗೆ ಮಗಳನ್ನು ಕಳುಹಿಸಿದರು. ಆ ಮಗಳು ಹಿಂದೆ ನಮ್ಮ ತರಗತಿಯಲ್ಲಿದ್ದವಳು, ಈಗ ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿರುವವಳು. ಮನೆಗೆ ಹಣವೂ ಬೇಕಾಗಿದ್ದಿತು, ಸುತ್ತಿಗೆಯೂ ಬೇಡವಾಗಿದ್ದಿತು. ಸಂಘದ ಮೂವರು ಸದಸ್ಯರು ಸೇರಿ, ‘ಕೊಳ್ಳುವವರನ್ನು ನಾವು ಹುಡುಕಿಕೊಡುತ್ತೇವೆ’ ಎಂದು ಧೈರ್ಯವಾಗಿ ಮಾತು ಕೊಟ್ಟೆವು. ಗಡಿಯಾರಕ್ಕೆ ಚಾವಿ ಕೊಡುವುದನ್ನು ಬಿಟ್ಟು ಮತ್ತೇನೂ ಅರಿಯದವರ ಧೈರ್ಯವದು.

ಮೇಲಿನ ಸೆಳೆಖಾನೆಯಲ್ಲಿದ್ದುವು ಎರಡೇ ದಿನಗಳಲ್ಲಿ ಮಾರಾಟವಾದುವು. ಅವು ಎಚ್.ಎಂ.ಟಿ. ಕೈಗಡಿಯಾರಗಳ ಬಿಡಿಭಾಗಗಳು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಉದ್ಯಮವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತಷ್ಟೆ. ಮುಚ್ಚಿದ ಮೇಲೆ ಅದರ ‘ಜನತಾ’, ‘ಪೈಲಟ್’ ಮೊದಲಾದ ಗಡಿಯಾರಗಳಿಗೆ ಪ್ರೀತಿ ಹೆಚ್ಚಿತು. ಹೆಸರು ಹೇಳಿದೊಡನೆ ಜನ ಬಂದರು; 6,200 ರೂಪಾಯಿ ದೊರೆಯಿತು. ಕೆಲಸ ಸುಲಭವೆಂದು ಹಿಗ್ಗಿದೆವು.

ಕೆಳಗಿನ ಪೆಟ್ಟಿಗೆಯಲ್ಲಿ 41 ವಸ್ತುಗಳು. ಅವುಗಳಲ್ಲಿ ಇಕ್ಕುಳ, ಅರ, ಚಿಮಟಗಳನ್ನು ಬಿಟ್ಟರೆ ಒಂದಕ್ಕಾದರೂ ನಮಗೆ ಹೆಸರು ಗೊತ್ತಿಲ್ಲ. ಹೆಸರಿಲ್ಲದುದನ್ನು ಮಾರುವುದು ಹೇಗೆ? ‘ಒಂದು ಹಿತ್ತಾಳೆಯ ತಟ್ಟೆ, ಅದರ ಮೇಲೆ ಸಾವಿರಾರು ಚುಕ್ಕಿಗಳು, ಪಕ್ಕದಲ್ಲಿ ಒಂದು ಹಿಡಿಕೆ’ ಎಂದು ದೂರವಾಣಿಯಲ್ಲಿ ವರ್ಣಿಸಿದರೆ ಕೇಳುವವರು ನಗದೆ ಇನ್ನೇನು ಮಾಡಿಯಾರು? ನಮ್ಮ ಊರು ಗಡಿಯಾರಕ್ಕೆ ಹೆಸರಾದ ಊರೇ ಸರಿ. 1984ರಲ್ಲಿ ಸ್ಥಾಪಿತವಾದ ಟೈಟನ್ ಸಂಸ್ಥೆಯ ಕಾರ್ಖಾನೆ ಇಲ್ಲಿಯೇ ಇದೆ. ಅಲ್ಲಿಂದ ನಿವೃತ್ತರಾದ ಎಂಜಿನಿಯರ್ ಮಿತ್ರರೊಬ್ಬರನ್ನು ಕರೆತಂದೆವು. ಅವರು ಪೆಟ್ಟಿಗೆಯ ಮುಂದೆ ಬಹಳ ಹೊತ್ತು ಕುಳಿತು, ‘ಇವುಗಳಲ್ಲಿ ಅರ್ಧವನ್ನು ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೇನೆ’ ಎಂದರು. ಕಾರ್ಖಾನೆಯೆಂಬುದು ಒಂದೇ ಬಗೆಯ ಚಕ್ರವನ್ನು ಲಕ್ಷಗಟ್ಟಲೆ ಮಾಡುವ ಸ್ಥಳ. ಈ ಪೆಟ್ಟಿಗೆ ಒಂದು ಗಡಿಯಾರಕ್ಕೆ ಬೇಕಾದ ಒಂದೇ ಚಕ್ರವನ್ನು ಮಾಡುವವನದು. ಒಂದರ ಬಳಿ ಮತ್ತೊಂದಕ್ಕೆ ಕೆಲಸವಿಲ್ಲ.

ಆ ಮಿತ್ರರಿಂದಲೇ ನಮಗೆ ಜಾನ್ ವೈಕ್ ಎಂಬಾತನ ವಿಚಾರ ತಿಳಿದುದು. ಇಂಗ್ಲೆಂಡಿನಲ್ಲಿ, ಹಿಂದೆ ಲ್ಯಾಂಕಾಷೈರಿಗೆ ಸೇರಿದ್ದ ಪ್ರೆಸ್ಕಟ್ ಎಂಬುದೊಂದು ಊರು. 18ನೆಯ ಶತಮಾನದಲ್ಲಿ ಆ ಊರೂ ಅದರ ಸುತ್ತಲಿನ ಹಳ್ಳಿಗಳೂ ಗಡಿಯಾರದ ಒಳಭಾಗಗಳಿಗೂ ಅವನ್ನು ಮಾಡುವ ಉಪಕರಣಗಳಿಗೂ ಪ್ರಸಿದ್ಧವಾಗಿದ್ದುವು. ಪ್ರೆಸ್ಕಟ್ಟಿನಲ್ಲಿ ಉಪಕರಣ ಮಾಡುತ್ತಿದ್ದ ವೈಕನು 1758ರಲ್ಲಿ ಲಿವರ್‌ಪೂಲಿಗೆ ಬಂದು ನೆಲಸಿ, ತಾನು ಮಾರುತ್ತಿದ್ದ ಅರ, ಇಕ್ಕುಳ, ತಿರುಪು ಕೊರೆಯುವ ಫಲಕ ಮುಂತಾದುವುಗಳ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೆತ್ತಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು ಪಟ್ಟಿಯಾಗಿ ಅಚ್ಚು ಹಾಕಿಸಿದನು. ಅವನು ಮಾಡಿದುದು ವ್ಯಾಪಾರಕ್ಕಾಗಿ. ಪ್ರೆಸ್ಕಟ್ಟಿನ ಕುಶಲಕರ್ಮಿಗಳು ಯಂತ್ರನಿರ್ಮಿತ ಗಡಿಯಾರಗಳ ಸ್ಪರ್ಧೆಯನ್ನು ತಾಳಲಾರದೆ ಹೋದರು. ಅದನ್ನೆದುರಿಸಲೆಂದು 1889ರಲ್ಲಿ ಅಲ್ಲಿಯೇ ಕಟ್ಟಿದ ಲ್ಯಾಂಕಾಷೈರ್ ವಾಚ್ ಕಂಪನಿಯೂ 1911ರಲ್ಲಿ ಮುಚ್ಚಿತು. ವೈಕನ ಪಟ್ಟಿಯಾದರೋ 1978ರಲ್ಲಿ ಮರುಮುದ್ರಣವಾಯಿತು. ಇಂದು ಅಂತಹ ಉಪಕರಣವೊಂದು ಯಾರದಾದರೂ ಅಟ್ಟದಿಂದ ಕೆಳಗಿಳಿದರೆ, ಅದು ಇಂಥದೆಂದು ಹೇಳಲು ಒಂದು ಪುಟವಿದೆ.

ನಮಗೂ ಅಂತಹದೊಂದು ಪಟ್ಟಿ ಬೇಕೆಂಬುದು ಆಗ ಹೊಳೆಯಿತು. ಇಲ್ಲಿ ನಮ್ಮ ಪಾಂಡಿತ್ಯ ತಲೆಯೆತ್ತಿತು. ಮಿತ್ರರು ಒಂದೊಂದನ್ನೂ ತಿರುಗಿಸಿ ನೋಡಿ, ಇದು ಬಹುಶಃ ಇಂಥ ಕೆಲಸಕ್ಕೆ ಎಂದು ಊಹಿಸಿ ಇಂಗ್ಲಿಷ್ ಹೆಸರನ್ನು ಹೇಳುವರು. ನಾವು ಅದಕ್ಕೆ ಕನ್ನಡದ ಹೆಸರನ್ನು ಕಟ್ಟುವೆವು. ‘ದಂತಚಕ್ರಾಂತರ ಪರೀಕ್ಷಕ’, ‘ವೃತ್ತವಿಭಾಜಕ ಫಲಕ’, ‘ಧನುಶ್ಚಾಲಿತ ಭ್ರಮಣಯಂತ್ರ’! ಚೀಟಿಗಳ ಮೇಲೆ ದುಂಡಾದ ಅಕ್ಷರಗಳಲ್ಲಿ ಬರೆದು ಮನೆಯ ಪಡಸಾಲೆಯಲ್ಲಿ ಸಾಲಾಗಿ ಅಂಟಿಸುತ್ತಿದ್ದೆವು. ಕಾಫಿ ತಂದ ಆ ತಾಯಿ ಚೀಟಿಗಳನ್ನು ಓದಿ, ಲೋಟಗಳನ್ನು ಕೆಳಗಿಟ್ಟು, ಸೆರಗನ್ನು ಬಾಯಿಗೆ ಅಡ್ಡಲಾಗಿ ಹಿಡಿದು ನಕ್ಕರು.

‘ಇದಕ್ಕೆ ಅಷ್ಟುದ್ದ ಹೆಸರು ಯಾಕೆ ಮೇಷ್ಟ್ರೇ? ಇದು ಸಂಬಂಧ ನೋಡೋದು.’

ನಾವು ಬೆರಗಾದೆವು. ಅವರು ನೆಲದ ಮೇಲೆ ಕುಳಿತು ಆ ಉಪಕರಣವನ್ನು ಕೈಗೆತ್ತಿಕೊಂಡರು. ಅದಕ್ಕೆ ಪುಸ್ತಕದ ಎರಡು ರಟ್ಟುಗಳಂತೆ ಬಿಚ್ಚಿಕೊಳ್ಳುವ ಎರಡು ಹಿತ್ತಾಳೆಯ ತೋಳುಗಳು. ನಡುವೆ ಒಂದು ತಿರುಪು. ಒಂದು ತೋಳಿನಲ್ಲಿ ದೊಡ್ಡ ಚಕ್ರವನ್ನೂ ಮತ್ತೊಂದರಲ್ಲಿ ಸಣ್ಣ ಹಲ್ಲುಗಾಲಿಯನ್ನೂ ಸಿಕ್ಕಿಸಿ, ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಎರಡರ ಹಲ್ಲುಗಳೂ ಉಜ್ಜಾಡದೆ ಜಾರದೆ ಒಂದಕ್ಕೊಂದು ಹೊಂದುವವರೆಗೆ ನೋಡಬೇಕು. ಹೊಂದಿದ ಮೇಲೆ ಕೆಳಗಿನ ಎರಡು ಮೊನೆಗಳಿಂದ ಆ ಅಂತರವನ್ನು ಗಡಿಯಾರದ ತಗಡಿನ ಮೇಲೆ ಗುರುತು ಮಾಡಿಕೊಂಡು ತೂತು ಕೊರೆಯಬೇಕು. ಇಂಗ್ಲಿಷಿನಲ್ಲಿ ಡೆಪ್ತಿಂಗ್ ಟೂಲ್ ಎನ್ನುವುದು ಇದನ್ನೇ. ಗಂಡು ಹೆಣ್ಣಿನ ಜಾತಕಗಳನ್ನು ಹೊಂದಿಸಿದಂತೆ ಎರಡು ಚಕ್ರಗಳ ಸಂಬಂಧವನ್ನು ನೋಡುವುದಕ್ಕೆ ‘ಸಂಬಂಧ ನೋಡೋದು’ ಎಂದು ಹೆಸರಿಟ್ಟವರು ಅವರ ಮಾವನವರಂತೆ. ಇದಕ್ಕಿಂತ ಉತ್ತಮವಾದ ಶಬ್ದವನ್ನು ನಾವು ಕೊಡಲಾರೆವು. ನಮ್ಮ ಚೀಟಿಯನ್ನು ನಾವೇ ಕಿತ್ತೆವು.

ಆಮೇಲೆ ಅವರು ಒಂದೊಂದನ್ನಾಗಿ ಹೇಳುತ್ತ ಹೋದರು. ಎರಡು ಮೊನೆಗಳ ನಡುವೆ ಅಚ್ಚನ್ನು ಹಿಡಿದು, ಕುದುರೆಯ ಕೂದಲನ್ನು ಬಿಗಿದ ಬಿಲ್ಲಿನಿಂದ ಹಿಂದಕ್ಕೂ ಮುಂದಕ್ಕೂ ತಿರುಗಿಸುವುದು ‘ಬಿಲ್ಲು ಲೇತು’. ಚನ್ನಪಟ್ಟಣದ ಗೊಂಬೆಯವರು ಹಿಂದೆ ಬಿಲ್ಲಿನಿಂದ ತಿರುಗಿಸುತ್ತಿದ್ದ ಕೈಲೇತಿನ ಪುಟ್ಟ ತಂಗಿಯೆಂದರೂ ಸಲ್ಲುತ್ತದೆ. ಚುಕ್ಕಿಗಳ ತಟ್ಟೆಯಿದ್ದುದು ‘ಹಲ್ಲು ಕತ್ತರಿಸೋ ಮಿಷನ್ನು’. ಮೂವತ್ತು ವರ್ಷ ಗಂಡನ ಪಕ್ಕದಲ್ಲಿ ಕುಳಿತು, ಕೇಳಿದುದನ್ನು ಕೇಳಿದ ಕ್ಷಣದಲ್ಲಿ ಕೈಗೆ ಕೊಡುತ್ತಿದ್ದವರು ಅವರು. ನಾವು ಒಂದು ತಿಂಗಳು ಎಂಜಿನಿಯರರನ್ನೂ ಪುಸ್ತಕಗಳನ್ನೂ ಹುಡುಕಿಕೊಂಡು ಅಲೆದವರು, ಅವರ ಮನೆಯಲ್ಲೇ ಕುಳಿತು ಕಾಫಿ ಕುಡಿಯುತ್ತಿದ್ದವರು, ಅವರನ್ನು ಒಂದು ಮಾತು ಕೇಳಿರಲಿಲ್ಲ. ‘ಮೊದಲೇ ಹೇಳಬಾರದಾಗಿತ್ತೆ ಅಮ್ಮ?’ ಎಂದರೆ, ‘ನೀವು ಕೇಳಲೇ ಇಲ್ಲವಲ್ಲ ಮೇಷ್ಟ್ರೇ’ ಎಂದರು. ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಚೀಟಿಯ ಬೆಲೆ ಎಷ್ಟೆಂಬುದನ್ನು ಬಲ್ಲ ಒಬ್ಬ ಮಹನೀಯನ ವೃತ್ತಾಂತವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಸ್ವಿಟ್ಸರ್‌ಲೆಂಡಿನ ಲ ಲೋಕ್ಲ್ ಎಂಬ ಊರಿನಲ್ಲಿ ಜೆನಿತ್ ಗಡಿಯಾರದ ಕಾರ್ಖಾನೆಯಿದೆ. ಅವರು 1969ರಲ್ಲಿ ‘ಎಲ್ ಪ್ರಿಮೆರೊ’ ಎಂಬ, ಸೆಕೆಂಡಿಗೆ ಹತ್ತು ಬಾರಿ ಮಿಡಿಯುವ ಸೂಕ್ಷ್ಮ ಗಡಿಯಾರಯಂತ್ರವನ್ನು ಹೊರತಂದರು. ಅದೇ ವರ್ಷ ಡಿಸೆಂಬರ್ 25ರಂದು ಜಪಾನಿನ ಸೀಕೋ ಸಂಸ್ಥೆ ಕ್ವಾರ್ಟ್ಸ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಸ್ಪ್ರಿಂಗಿನ ಗಡಿಯಾರದ ಕಾಲ ಮುಗಿಯಿತೆಂದು ಜನ ನಂಬಿದರು. ಆಗ ಜೆನಿತ್ತಿನ ಒಡೆತನ ಅಮೆರಿಕದ ಕಂಪನಿಯೊಂದರ ಕೈಯಲ್ಲಿದ್ದಿತು. ಯಂತ್ರಗಡಿಯಾರದ ತಯಾರಿಕೆಯನ್ನು ನಿಲ್ಲಿಸಿ ಸಲಕರಣೆಗಳನ್ನು ವಿಲೇವಾರಿ ಮಾಡತಕ್ಕದ್ದೆಂದು 1975ರಲ್ಲಿ ಅಪ್ಪಣೆಯಾಯಿತು. ಅಲ್ಲಿ ಮೇಲ್ವಿಚಾರಕನಾಗಿದ್ದ ಶಾರ್ಲ್ ವೆರ್ಮೊ ಎಂಬಾತನು ಬೇಡಿಕೊಂಡರೂ ಫಲವಾಗಲಿಲ್ಲ. ಆತನು ಕೆಲಸದ ಹೊತ್ತು ಮುಗಿದ ಮೇಲೆ ಅಚ್ಚುಗಳು, ಕತ್ತರಿಸುವ ಉಪಕರಣಗಳು, ಪ್ರೆಸ್‌ಗಳು ಇವುಗಳನ್ನು ಒಂದೊಂದಾಗಿ ಕಾರ್ಖಾನೆಯ ಅಟ್ಟಕ್ಕೆ ಸಾಗಿಸಿ ಬಚ್ಚಿಟ್ಟನು. ಇಷ್ಟು ಮಾತ್ರವೇ ಆಗಿದ್ದರೆ ಅದೊಂದು ಸ್ವಾಮಿನಿಷ್ಠೆಯ ಕಥೆಯಾಗಿ ಮುಗಿಯುತ್ತಿದ್ದಿತು. ಆತನು ಒಂದೊಂದಕ್ಕೂ ಗುರುತಿನ ಚೀಟಿ ಅಂಟಿಸಿದನು; ಯಾವುದು ಯಾವುದಾದ ಮೇಲೆ ಬರಬೇಕೆಂಬ ಕ್ರಮವನ್ನು ಪುಸ್ತಕದಲ್ಲಿ ಬರೆದಿಟ್ಟನು. ಮತ್ತೆ ಆ ಯಂತ್ರಕ್ಕೆ ಬೇಡಿಕೆ ಬಂದಾಗ ಅಟ್ಟದ ಬಾಗಿಲು ತೆರೆಯಿತು, 1984ರಲ್ಲಿ ತಯಾರಿಕೆ ಮರಳಿ ಮೊದಲಾಯಿತು. ರೋಲೆಕ್ಸಿನಂತಹ ಸಂಸ್ಥೆಯೇ ತನ್ನ 1988ರ ಡೇಟೋನ ಕೈಗಡಿಯಾರಕ್ಕೆ ಆ ಯಂತ್ರವನ್ನು ಆಧಾರವಾಗಿ ಕೊಂಡಿತು. ಚೀಟಿಯೂ ಪುಸ್ತಕವೂ ಇಲ್ಲದಿದ್ದರೆ ಆ ಅಟ್ಟದಲ್ಲಿ ಸಿಕ್ಕುತ್ತಿದ್ದುದು ಗುಜರಿಯೇ.

ನಮ್ಮ ಚೀಟಿಗಳಲ್ಲಿ ಈಗ ಆ ತಾಯಿ ಹೇಳಿದ ಹೆಸರು, ಇಂಗ್ಲಿಷಿನ ಹೆಸರು, ಮಾಡುವ ಕೆಲಸ, ಇಲ್ಲದಿರುವ ಭಾಗ, ಇಷ್ಟೂ ಬಂದುವು. ಮಗಳು ಮೊಬೈಲಿನಲ್ಲಿ ಚಿತ್ರ ತೆಗೆದು, ಕನ್ನಡ, ತಮಿಳು, ಇಂಗ್ಲಿಷುಗಳಲ್ಲಿ ಪಟ್ಟಿ ಮಾಡಿ, ಬೆಂಗಳೂರು ಮದರಾಸುಗಳ ಗಡಿಯಾರದವರಿಗೆಲ್ಲ ಕಳುಹಿಸಿದಳು. ಕೊಳ್ಳುವವರು ಬರತೊಡಗಿದರು. ಅಚ್ಚಿನ ಕಡ್ಡಿಗಳನ್ನು ಕೂರಿಸುವ ಪಂಚುಗಳ ಪೆಟ್ಟಿಗೆ, ಸ್ಪ್ರಿಂಗ್ ಸುತ್ತುವ ಉಪಕರಣಗಳು ಇಂದಿಗೂ ದುರಸ್ತಿಗಾರರ ನಿತ್ಯದ ಕೆಲಸಕ್ಕೆ ಬರತಕ್ಕವು. ಬೆಂಗಳೂರಿನವರೊಬ್ಬರು ಅವುಗಳಿಗೆ 14,000 ರೂಪಾಯಿ ಕೊಟ್ಟರು. ಕಂಬಿ ಎಳೆಯುವ ಅಚ್ಚು, ಸಣ್ಣ ಬೈರಿಗೆಗಳು, ಅರಗಳು ಇವನ್ನು ನಮ್ಮ ಪೇಟೆಯ ಅಕ್ಕಸಾಲಿಗರೇ 3,800ಕ್ಕೆ ಕೊಂಡರು. ಗಡಿಯಾರದ ಕೆಲಸ ತಪ್ಪಿದ ಉಪಕರಣ ಓಲೆ ಮೂಗುತಿಗಳ ಕೆಲಸಕ್ಕೆ ಒದಗಿತು.

ಇನ್ನು ನಮ್ಮ ತಪ್ಪುಗಳು. ಅವನ್ನು ಮರೆಮಾಚಿದರೆ ಈ ಭಾಷಣದಿಂದ ಯಾರಿಗೂ ಪ್ರಯೋಜನವಿಲ್ಲ.

ಒಂದು: ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರು ಬಂದು, ಅಲಂಕಾರಕ್ಕೆ ಚೆನ್ನಾಗಿವೆಯೆಂದು ನಾಲ್ಕು ವಸ್ತುಗಳನ್ನು ಆರಿಸಿ 2,500 ಕೊಟ್ಟರು. ಚೀಟಿ ಬರೆಯುವುದಕ್ಕೆ ಮೊದಲು ನಡೆದ ಮಾತು. ಆ ನಾಲ್ಕರಲ್ಲಿ ಮರದ ಪುಟ್ಟ ಪೆಟ್ಟಿಗೆಯೊಂದಿದ್ದಿತು, ಒಳಗೆ ನಾಣ್ಯಗಳಂತಹ ಉಕ್ಕಿನ ಬಿಲ್ಲೆಗಳು. ಅವು ಹಲ್ಲು ಕತ್ತರಿಸುವ ಯಂತ್ರದ ಅಲಗುಗಳೆಂದು ಆಮೇಲೆ ತಿಳಿಯಿತು. ಅಲಗಿಲ್ಲದ ಯಂತ್ರ ಎಣ್ಣೆಯಿಲ್ಲದ ಗಾಣ. ಅದನ್ನು ಮರಳಿ ಪಡೆಯಲು 9,000 ರೂಪಾಯಿ ತೆರಬೇಕಾಯಿತು. ನಮ್ಮ ಅಜ್ಞಾನದ ಶುಲ್ಕವೆಂದು ಅದನ್ನು ನಾವು ಮೂವರೂ ಹಂಚಿಕೊಂಡೆವು. ಜೊತೆಯಾಗಿರುವುದನ್ನು ಬಿಡಿಯಾಗಿ ಮಾರಬಾರದು.

ಎರಡನೆಯದು ಇನ್ನೂ ದೊಡ್ಡದು. ಕೊಳ್ಳುವವರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಚುಕ್ಕಿಗಳ ತಟ್ಟೆಯನ್ನು ಶಾಲೆಯ ಹುಡುಗರಿಂದ ಹುಣಸೆಹಣ್ಣು ಬೂದಿಗಳಲ್ಲಿ ಉಜ್ಜಿಸಿದೆವು. ದೇವರಮನೆಯ ತಟ್ಟೆಯಂತೆ ಥಳಥಳಿಸಿತು. ತೂತುಗಳಲ್ಲಿ ಸೇರಿದ್ದ ಕೊಳೆಯನ್ನು ಸೂಜಿಯಿಂದ ತೆಗೆಸಿದೆವು. ಈ ತಟ್ಟೆಯ ಕೆಲಸವೇನೆಂಬುದನ್ನು ಹೇಳಿದರೆ ತಮಗೆ ನಮ್ಮ ಅಪರಾಧದ ಅಳತೆ ಸಿಗುತ್ತದೆ. ತಟ್ಟೆಯ ಮೇಲೆ ಒಂದರೊಳಗೊಂದು ಅನೇಕ ಸುತ್ತುಗಳು. ಒಂದು ಸುತ್ತಿನಲ್ಲಿ 60 ತೂತು, ಮತ್ತೊಂದರಲ್ಲಿ 72, ಇನ್ನೊಂದರಲ್ಲಿ 96, ಹೀಗೆ. 72 ಹಲ್ಲಿನ ಚಕ್ರ ಬೇಕಾದರೆ 72ರ ಸುತ್ತನ್ನು ಹಿಡಿದು, ಸೂಜಿಮೊನೆಯ ಕಡ್ಡಿಯನ್ನು ಒಂದು ತೂತಿನಲ್ಲಿ ನಿಲ್ಲಿಸಿ ಒಂದು ಸಂದು ಕತ್ತರಿಸಬೇಕು; ಮುಂದಿನ ತೂತಿಗೆ ಸರಿಸಿ ಮತ್ತೊಂದು. ಒಂದೇ ಒಂದು ತೂತು ತಪ್ಪಿದರೂ ಚಕ್ರ ಕೆಟ್ಟಿತು.

ನೀಲಗಿರಿಯ ಕಡೆಯಿಂದ ಒಬ್ಬರು ಬಂದರು. ಬೆಟ್ಟದ ಬಂಗಲೆಗಳಲ್ಲಿ ಉಳಿದಿರುವ ಹಳೆಯ ಇಂಗ್ಲಿಷ್ ಗಡಿಯಾರಗಳನ್ನು ಸರಿಮಾಡುವವರು. ಅಂತಹ ಗಡಿಯಾರದ ಚಕ್ರವೊಂದು ಮುರಿದರೆ ಯಾವ ಅಂಗಡಿಯಲ್ಲಿಯೂ ದೊರೆಯದು, ಕತ್ತರಿಸಿಯೇ ಆಗಬೇಕು. ಆದಕಾರಣ ಈ ಯಂತ್ರಕ್ಕೆ ಅವರಲ್ಲಿ ನಿಜವಾದ ಕೆಲಸವಿದ್ದಿತು. ತಟ್ಟೆಯನ್ನು ಬೆಳಕಿಗೆ ಹಿಡಿದು ಅವರು ಮುಖ ಕಿರಿದು ಮಾಡಿದರು. ಸುತ್ತುಗಳ ಪಕ್ಕದ ಕೈಬರಹದ ಅಂಕಿಗಳನ್ನು ಹುಣಸೆಹಣ್ಣು ಅರ್ಧ ತಿಂದುಹಾಕಿದ್ದಿತು. ಪರೀಕ್ಷೆಗೆಂದು 72ರ ಸುತ್ತಿನಲ್ಲಿ ಹಿತ್ತಾಳೆಯ ಬಿಲ್ಲೆಯೊಂದನ್ನು ಕತ್ತರಿಸಿದರು. ಕೊನೆಗೆ ನೋಡಿದರೆ ಒಂದೆಡೆ ಹಲ್ಲುಗಳು ಒತ್ತಾಗಿ ಕೆಟ್ಟುಹೋಗಿದ್ದುವು. ಎಣಿಸಿದರು: ತೂತುಗಳು 73!

ಒಳಗಿನಿಂದ ಆ ತಾಯಿ ಬಂದರು. ‘ಅಯ್ಯೋ, ಕಳ್ಳತೂತಿನ ಅರಗು ಎಲ್ಲಿ ಹೋಯ್ತು?’ ಎಂದರು. ತಟ್ಟೆಯನ್ನು ಮಾಡಿದವನು ಎಂದೋ ತಪ್ಪಾಗಿ ಕೊರೆದ ಒಂದು ತೂತು ಆ ಸುತ್ತಿನಲ್ಲಿ ಮೊದಲಿನಿಂದಲೂ ಇದ್ದಿತಂತೆ. ಅದರಲ್ಲಿ ಕೆಂಪು ಅರಗನ್ನು ತುಂಬಿ ಮುಚ್ಚಿದ್ದರು. ನಾವು ಕೊಳೆಯೆಂದು ಸೂಜಿಯಿಂದ ಕೀಳಿಸಿದುದು ಆ ಅರಗನ್ನೇ. ಅವರು ಕಣ್ಣು ಮುಚ್ಚಿ ಬೆರಳ ತುದಿಯನ್ನು ಸುತ್ತಿನ ಮೇಲೆ ಮೆಲ್ಲಗೆ ಓಡಿಸಿ, ಒಂದೆಡೆ ನಿಲ್ಲಿಸಿ, ‘ಇದು’ ಎಂದರು. ಮಿಕ್ಕ ತೂತುಗಳ ಅಂಚು ನಯ, ಇದರದು ಮಾತ್ರ ಒರಟು. ಬಂದವರು ಅಲ್ಲಿಯೇ ಅರಗು ತುಂಬಿ ಮತ್ತೊಂದು ಬಿಲ್ಲೆಯನ್ನು ಕತ್ತರಿಸಿದರು. 72 ಹಲ್ಲುಗಳೂ ಸಮವಾಗಿ ಬಂದುವು.

ಅವರು ಹಲ್ಲು ಕತ್ತರಿಸುವ ಯಂತ್ರ, ಅಲಗುಗಳು, ಸಂಬಂಧ ನೋಡುವುದು, ಬಿಲ್ಲು ಲೇತು, ಇವೆಲ್ಲಕ್ಕೂ ಸೇರಿ 52,000 ರೂಪಾಯಿ ಕೊಟ್ಟರು, ಚೌಕಾಶಿ ಮಾಡಲಿಲ್ಲ. ಹಣ ಕೊಟ್ಟಾದ ಮೇಲೆ ಟಿಪ್ಪಣಿಪುಸ್ತಕ ತೆಗೆದು, ಆ ತಾಯಿಯ ಮುಂದೆ ಚಾಪೆಯ ಮೇಲೆ ಕುಳಿತು, ಸಂಜೆಯ ಬಸ್ಸಿನ ಹೊತ್ತಿನವರೆಗೂ ಕೇಳಿ ಕೇಳಿ ಬರೆದುಕೊಂಡರು. ಒಟ್ಟು ಆ ಮನೆಗೆ ಸಂದುದು 78,500 ರೂಪಾಯಿ. ಅಂಗಡಿಯ ಬಾಡಿಗೆಯ ಬಾಕಿ ತೀರಿತು. ಮಗಳ ಎರಡು ವರ್ಷದ ಶುಲ್ಕಕ್ಕೂ ಆಯಿತು.

ಮಿಕ್ಕುದು ಹಸುರು ಬಟ್ಟೆಯ ಕೆಳಗಿರುವ ಯಂತ್ರ. ಅದರ ಹೆಸರು ‘ಬುಗುರಿ ಮಿಷನ್ನು’. ಹಳೆಯ ಗಡಿಯಾರದ ಸ್ಪ್ರಿಂಗು ಚಾವಿ ಕೊಟ್ಟ ಹೊಸತರಲ್ಲಿ ಬಲವಾಗಿ ಎಳೆಯುತ್ತದೆ, ಸಡಿಲವಾಗುತ್ತ ಬಂದಂತೆ ಬಲಗುಂದುತ್ತದೆ. ಗಡಿಯಾರ ಮೊದಲು ಓಡುತ್ತದೆ, ಆಮೇಲೆ ತೆವಳುತ್ತದೆ. ಇದಕ್ಕೆ ಪರಿಹಾರವಾಗಿ ಬುಗುರಿಯಾಕಾರದ ಹಿತ್ತಾಳೆಯ ಗಟ್ಟಿಗೆ ಸುತ್ತಲೂ ಕಾಲುವೆ ಕೊರೆದು, ಚಾಟಿ ಸುತ್ತಿದಂತೆ ಸರಪಣಿ ಸುತ್ತಿದರು. ಸ್ಪ್ರಿಂಗಿನ ಬಲ ಹೆಚ್ಚಾಗಿರುವಾಗ ಸರಪಣಿ ಬುಗುರಿಯ ಸಣ್ಣ ಭಾಗವನ್ನೆಳೆಯುತ್ತದೆ, ಕಡಿಮೆಯಾದಾಗ ದಪ್ಪ ಭಾಗವನ್ನೆಳೆಯುತ್ತದೆ; ಗಡಿಯಾರಕ್ಕೆ ಸಿಗುವ ಬಲ ಸಮವಾಗುತ್ತದೆ. ಇಂಗ್ಲಿಷರು ಇದನ್ನು ಫ್ಯೂಸೀ ಎಂದರು. ಅದರ ಸರಪಣಿಯೆಂದರೆ ಜೇಬುಗಡಿಯಾರಗಳಲ್ಲಿ ಬಹು ಸಣ್ಣದು. ಇಂಗ್ಲೆಂಡಿನ ಕ್ರೈಸ್ಟ್‌ಚರ್ಚ್ ಎಂಬ ಊರಿನಲ್ಲಿ ಬಡ ಹೆಂಗಸರೂ ಹುಡುಗಿಯರೂ ಕಣ್ಣು ಸವೆಸಿ ಅದನ್ನು ಹೆಣೆಯುತ್ತಿದ್ದರು. ಗಡಿಯಾರದ ಮೇಲೆ ಅವರ ಹೆಸರು ಇರುತ್ತಿರಲಿಲ್ಲ.

ಆ ಬುಗುರಿಯ ಕಾಲುವೆಯನ್ನು ಕೊರೆಯುವುದು ಈ ಯಂತ್ರದ ಕೆಲಸ. ಪೆಟ್ಟಿಗೆಯಲ್ಲಿದ್ದ ನಲವತ್ತೊಂದರಲ್ಲಿ ಅತ್ಯಂತ ಜಾಣ್ಮೆಯದು ಇದು. ಕೊಳ್ಳುವವರು ಸಿಗದುದೂ ಇದಕ್ಕೇ. ಕಾರಣ ಸರಳ: ಬುಗುರಿ ಸುಲಭವಾಗಿ ಸವೆಯುವುದಿಲ್ಲ. ನೀಲಗಿರಿಯ ಮಿತ್ರರು, ‘ನನ್ನ ಆಯುಸ್ಸಿನಲ್ಲಿ ಇಂಥದೊಂದನ್ನು ಹೊಸದಾಗಿ ಕೊರೆಯುವ ಪ್ರಸಂಗ ಬಂದೀತೆಂದು ತೋರುವುದಿಲ್ಲ’ ಎಂದು ಪ್ರಾಮಾಣಿಕವಾಗಿ ಹೇಳಿ ಬಿಟ್ಟುಹೋದರು. ಕೈಯಲ್ಲಿ ಮಾಡಿದ ಗಡಿಯಾರಗಳಿಗೆ ಮತ್ತೆ ಮನ್ನಣೆ ಬರುತ್ತಿರುವುದು ನಿಜ. ಯಂತ್ರಗಡಿಯಾರದ ಕುಶಲಕಲೆಯನ್ನು 2020ರಲ್ಲಿ ಯುನೆಸ್ಕೋ ಸಂಸ್ಥೆ ಸ್ವಿಟ್ಸರ್‌ಲೆಂಡ್, ಫ್ರಾನ್ಸುಗಳ ಪರವಾಗಿ ಪರಂಪರೆಯ ಪಟ್ಟಿಗೆ ಸೇರಿಸಿತು. ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ ಎಂಬ ಮಹಾಶಿಲ್ಪಿ, 2011ರಲ್ಲಿ ತೀರಿಕೊಂಡವನು, ಗಡಿಯಾರದ ಮುಖದ ಮೇಲೆ ಅಲೆಯಲೆಯಾದ ಗೆರೆಗಳನ್ನು ಕೊರೆಯಲು ಜನ ಕೈಬಿಟ್ಟಿದ್ದ ಹಳೆಯ ಯಂತ್ರಗಳನ್ನೇ ಬಳಸಿದನು. ಆದರೆ ಆ ಭಾಗ್ಯ ಎಲ್ಲ ಯಂತ್ರಗಳಿಗೂ ಬರುತ್ತದೆಂದು ನಾವು ಆ ಮನೆಗೆ ಆಸೆ ಹುಟ್ಟಿಸಲಾರೆವು.

ಗುಜರಿಯವನು ಮತ್ತೆ ಬಂದಿದ್ದನು. ಆ ತಾಯಿ ಈ ಬಾರಿ ವಾರದ ಗಡುವು ಕೇಳಲಿಲ್ಲ. ಯಂತ್ರವನ್ನು ಸಂಘದ ಭವನದಲ್ಲಿಡಲು ಒಪ್ಪಿದರು. ಚೀಟಿಯಲ್ಲಿ ಬೆಲೆಯ ಜಾಗವನ್ನು ಖಾಲಿ ಬಿಟ್ಟಿದ್ದೇವೆ. ಅವರು ಹೇಳಿದ 41 ಹೆಸರುಗಳನ್ನೂ ಉಪಯೋಗಗಳನ್ನೂ ಮಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದಾಳೆ. ಅದು ಮೇಜಿನ ಮೇಲಿದೆ, ಬೇಕಾದವರು ನೋಡಬಹುದು. ಡೆಂಕಣಿಕೋಟೆ, ತಳಿ, ಬಾಗಲೂರುಗಳಿಂದ ಬಂದಿರುವ ಮಹಾಶಯರು ತಮ್ಮ ಊರುಗಳಲ್ಲಿ ಮುಚ್ಚಿದ ಗಡಿಯಾರದಂಗಡಿ, ಕುಲುಮೆ, ಅಚ್ಚುಕೂಟಗಳಿದ್ದರೆ ಅಲ್ಲಿಯ ಪೆಟ್ಟಿಗೆಗಳ ವಿಚಾರವನ್ನು ಕಾರ್ಯದರ್ಶಿಗಳಿಗೆ ತಿಳಿಸಬೇಕು. ದಯವಿಟ್ಟು ಯಾವುದನ್ನೂ ಹುಣಸೆಹಣ್ಣಿನಿಂದ ತೊಳೆಯಬೇಡಿ.

ಸಭೆ ಮುಗಿದ ಮೇಲೆ ಆ ತಾಯಿ ತಾವೇ ಬುಗುರಿ ಮಿಷನ್ನನ್ನು ತಿರುಗಿಸಿ ಒಂದು ಹಿತ್ತಾಳೆಯ ತುಂಡಿನ ಮೇಲೆ ಕಾಲುವೆ ಕೊರೆದು ತೋರಿಸಲು ಒಪ್ಪಿದ್ದಾರೆ. ಅಲಗು ಹರಿತವಾಗಿದೆ, ಮಕ್ಕಳನ್ನು ಸ್ವಲ್ಪ ಹಿಂದೆ ನಿಲ್ಲಿಸಿಕೊಳ್ಳಬೇಕೆಂದು ಕೋರುತ್ತೇವೆ.